ಶ್ವೆಂಕರ ಕಚೇರಿಗೆ ಇಬ್ಬರು ರಸಿಕರು

ಎರ್ವಿನ್ ಶ್ವೆಂಕರು ಮಹಾ ಸಂಗೀತಗಾರರು ಎಂಬ ವಿಷಯ ಜರ್ಮನಿಯ ರಾಯ್ಟ್‌ಲಿಂಗನ್ ಊರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬರು ಸ್ವತಃ ಶ್ವೆಂಕರು. ಉಳಿದವರ ಪಾಲಿಗೆ ಅವರು ನಗರಸಭೆಯಲ್ಲಿ ಮೂವತ್ತೆಂಟು ವರ್ಷ ಮನೆಮನೆ ಹತ್ತಿಳಿದು ನೀರಿನ ಮೀಟರ್ ಓದಿ ನಿವೃತ್ತರಾದ ಬಡಪಾಯಿ. ಚರ್ಚಿನ ಹಿತ್ತಾಳೆ ವಾದ್ಯದ ಮೇಳದಲ್ಲಿ ಇಪ್ಪತ್ತೊಂಬತ್ತು ವರ್ಷ ಟ್ರಾಂಬೋನ್ ಊದಿದ್ದರು ಎನ್ನುವುದೇನೋ ನಿಜ. ಆದರೆ ಮೇಳದ ಮುಖ್ಯಸ್ಥರು ಅವರನ್ನು ಮೊದಲು ಮೂರನೇ ಸಾಲಿಗೆ ತಳ್ಳಿದರು, ಆಮೇಲೆ ಕಂಬದ ಮರೆಗೆ ನಿಲ್ಲಿಸಿದರು, ಕೊನೆಗೆ "ಹೊಸಬರಿಗೂ ಒಂದು ಅವಕಾಶ ಕೊಡೋಣ, ಅಲ್ವಾ ಎರ್ವಿನ್" ಎಂದು ಮೆತ್ತಗೆ ಬಾಗಿಲಿನಿಂದಾಚೆಗೆ ಸಾಗಹಾಕಿದರು. ಆ ಹೊಸಬನಿಗೆ ಎಪ್ಪತ್ತಮೂರು ವರ್ಷ.

ಕೇಳುವವರೇ ಇಲ್ಲದ ಕಲಾವಿದನ ಸಂಕಟ ಸಾಮಾನ್ಯವಾದುದಲ್ಲ. ಹೆಂಡತಿ ಟ್ರೌಡಲ್ ಇದ್ದಳಲ್ಲ ಎಂದು ನೀವು ಕೇಳಬಹುದು. ಇದ್ದಳು. ಟ್ರಾಂಬೋನು ಪೆಟ್ಟಿಗೆಯಿಂದ ಈಚೆ ಬಂದ ಕೂಡಲೇ ಆಕೆಗೆ ಅಂಗಡಿಯಲ್ಲಿ ಏನೋ ತರುವುದು ನೆನಪಾಗುತ್ತಿತ್ತು. ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಆ ಮನೆಯಲ್ಲಿ ಉಪ್ಪು, ಬೆಂಕಿಪೊಟ್ಟಣ ಒಂದು ದಿನವೂ ತೀರಿದ್ದಿಲ್ಲ.

ಹೀಗಿರುವಾಗ, ನಿವೃತ್ತಿಯ ದಿನ ಕಚೇರಿಯವರು ಒಂದು ಗಾಜಿನ ತೊಟ್ಟಿಯನ್ನು ಉಡುಗೊರೆ ಕೊಟ್ಟರು. ಒಳಗೆ ಮರದ ಹೊಟ್ಟು, ಹೊಟ್ಟಿನೊಳಗೆ ಎರಡು ಜರ್ಬಿಲ್, ಅಂದರೆ ಮರುಭೂಮಿಯ ಇಲಿ. ಮುಷ್ಟಿಯಷ್ಟು ಗಾತ್ರ, ಮರಳಿನ ಬಣ್ಣ, ಬಾಲದ ತುದಿಗೆ ಕುಚ್ಚು, ಮೆಣಸಿನ ಕಾಳಿನಂಥ ಕಣ್ಣು. ಗೋಡೆ ಗಡಿಯಾರ ಬರುತ್ತದೆಂದು ಕಾದಿದ್ದ ಶ್ವೆಂಕರಿಗೆ ಒಂದು ವಾರ ಬೇಸರವಿತ್ತು. ಎರಡನೇ ವಾರ ಅವಕ್ಕೆ ಡೂರ್, ಮೋಲ್ ಎಂದು ಸಂಗೀತದ ಎರಡು ಸ್ವರಶ್ರೇಣಿಗಳ ಹೆಸರಿಟ್ಟರು. ಮೂರನೇ ವಾರ, ಮೀಟರ್ ಓದಿದ ಹಳೇ ಚಟ ಎಲ್ಲಿ ಹೋಗಬೇಕು, ಒಂದು ಪುಸ್ತಕ ತೆರೆದು ಅವುಗಳ ಶ್ರವಣಜ್ಞಾನವನ್ನು ಅಳೆಯಲು ಕೂತರು.

ಕಾಫಿ ಯಂತ್ರ ಗುರುಗುಟ್ಟಿದರೆ ಕಿವಿ ಮಾತ್ರ ಅಲ್ಲಾಡುತ್ತಿತ್ತು. ಕಾಗದದ ಚೀಲ ಸರಪರ ಎಂದರೆ ಬೀಜ ಬಂತೆಂದು ಎರಡೂ ಓಡಿ ಬರುತ್ತಿದ್ದವು. ಬಟ್ಟೆ ಒಗೆಯುವ ಯಂತ್ರ ಕೊನೆಯ ಸುತ್ತು ತಿರುಗುವಾಗ ಹಿಂಗಾಲ ಮೇಲೆ ನಿಂತು ಕಲ್ಲಾಗಿಬಿಡುತ್ತಿದ್ದವು. ಟ್ರೌಡಲ್ ಸೀನಿದರೆ ಮೋಲ್ ಒಂದು ಗೇಣು ಮೇಲಕ್ಕೆ ಹಾರುತ್ತಿತ್ತು. ಬೆಳಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಟ್ರಾಂಬೋನ್ ಊದಿದರೆ ಎರಡೂ ಹೊಟ್ಟಿನ ತಳ ಸೇರಿ ಕಾಣೆಯಾಗುತ್ತಿದ್ದವು. ಅದಕ್ಕೆ ಶ್ವೆಂಕರು ಬರೆದುಕೊಂಡದ್ದು, "ಅಂತರ್ಮುಖಿ ಆಲಿಕೆ."

ಒಂದರಿಂದ ಮೂರರವರೆಗೆ ಊರಿಗೆ ಊರೇ ಮಧ್ಯಾಹ್ನದ ವಿಶ್ರಾಂತಿಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಗೋಡೆಗೊಂದು ಮೊಳೆ ಹೊಡೆದವನ ಜೊತೆ ಆಮೇಲೆ ಯಾರೂ ಮಾತಾಡುವುದಿಲ್ಲ. ಶ್ವೆಂಕರು ಕಾನೂನಿಗೆ ತಲೆಬಾಗುವ ಮನುಷ್ಯ. ಆದ್ದರಿಂದ ಒಂದೂಕಾಲಿಗೆ ಟ್ರಾಂಬೋನನ್ನು ಮುಟ್ಟದೆ, ಅದರ ಮೌತ್‌ಪೀಸನ್ನು ಮಾತ್ರ ಕಳಚಿ ತುಟಿಗೊತ್ತಿ "ಪುರ್ರ್" ಎಂದು ಸಣ್ಣಗೆ ಅಭ್ಯಾಸ ಮಾಡುತ್ತಿದ್ದರು. ಗೋಡೆಯಾಚೆಗೂ ಕೇಳದಷ್ಟು ಸಣ್ಣ ಸದ್ದು.

ಮೊದಲ "ಪುರ್ರ್"ಗೇ ಡೂರ್ ಹೊಟ್ಟಿನಿಂದ ತಲೆ ಎತ್ತಿತು. ಎರಡನೆಯದಕ್ಕೆ ಮೋಲ್ ಎದ್ದು ನಿಂತಿತು. ಮೂರನೆಯದಕ್ಕೆ ಎರಡೂ ಹಿಂಗಾಲು ಕುಟ್ಟಿದವು. ಡಬ್, ಡಬ್, ಡಬ್.

ಶ್ವೆಂಕರ ಕೈಯಿಂದ ಮೌತ್‌ಪೀಸ್ ಜಾರಿತು.

"ಟ್ರೌಡಲ್, ಓಡಿ ಬಾ. ತಾಳ ಹಾಕ್ತಿವೆ."

ಟ್ರೌಡಲ್ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. ತೊಟ್ಟಿಯ ಜೊತೆ ಬಂದಿದ್ದ ಚಿಕ್ಕ ಕೈಪಿಡಿಯನ್ನು ಆ ಮನೆಯಲ್ಲಿ ಓದಿದವಳು ಆಕೆಯೊಬ್ಬಳೇ.

"ತಾಳ ಅಲ್ಲ ಎರ್ವಿನ್. ನಾಲ್ಕನೇ ಪುಟದಲ್ಲಿದೆ. ಹದ್ದೋ ಹಾವೋ ಬಂದ್ರೆ ಹೀಗೆ ಕಾಲು ಕುಟ್ಟಿ ಒಂದಕ್ಕೊಂದು ಎಚ್ಚರಿಸ್ತವಂತೆ. ಹೆದರಿವೆ."

"ಹೆದರಿಕೆನೇ. ಯಾರು ಇಲ್ಲ ಅಂದ್ರು? ದೊಡ್ಡ ಸಂಗೀತದ ಮುಂದೆ ಯಾರಿಗಾದ್ರೂ ಭಯಭಕ್ತಿ ಬರುತ್ತೆ."

"ಭಕ್ತಿ ವಿಷಯ ಅದರಲ್ಲಿ ಬರೆದಿಲ್ಲಪ್ಪ."

"ಬರೆದವನಿಗೆ ಸಂಗೀತ ಗೊತ್ತಿರಲಿಕ್ಕಿಲ್ಲ ಬಿಡು."

ಮಾರನೇ ದಿನ ಶ್ವೆಂಕರು ನೆಲದ ರತ್ನಗಂಬಳಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದರು, ಅದು ನಾದವನ್ನು ನುಂಗುತ್ತದಂತೆ. ಗಾಜಿನ ತೊಟ್ಟಿಯನ್ನು ಅತ್ತೆಯ ಕಾಲದ ದೊಡ್ಡ ರೇಡಿಯೋ ಪೆಟ್ಟಿಗೆಯ ಮೇಲೆ ಕೂರಿಸಿದರು. ಆ ಪೆಟ್ಟಿಗೆಯ ಯಂತ್ರವೆಲ್ಲ ಎಂದೋ ಗುಜರಿಗೆ ಹೋಗಿ, ಒಳಗೆ ಬರೀ ಟೊಳ್ಳು ಉಳಿದಿತ್ತು. ಟೊಳ್ಳು ಪೆಟ್ಟಿಗೆ, ಅದರಡಿ ಬರಿಯ ಮರದ ನೆಲ. ಎರಡು ಜರ್ಬಿಲ್‌ಗಳ ನಾಲ್ಕು ಹಿಂಗಾಲು ಅಲ್ಲಿ ನಾಲ್ಕು ಮರದ ಸುತ್ತಿಗೆಯಾದವು.

ಆ ಮರದ ನೆಲದ ಕೆಳಬದಿಯೇ ಫ್ರೌ ಐಸಲೆ ಅವರ ಮಲಗುವ ಕೋಣೆಯ ಸೂರು.

ಈ ಫ್ರೌ, ಅಂದರೆ ಶ್ರೀಮತಿ ಐಸಲೆ, ಗಂಡನನ್ನು ಕಳೆದುಕೊಂಡು ಹನ್ನೆರಡು ವರ್ಷವಾದ, ಅಂಚೆ ಕಚೇರಿಯಿಂದ ನಿವೃತ್ತರಾದ ಹೆಂಗಸು. ಮೆಟ್ಟಿಲು ಗುಡಿಸಿ ಒರೆಸುವ ಸರದಿ ಪ್ರತಿ ಮನೆಗೂ ವಾರಕ್ಕೊಮ್ಮೆ ಬರುತ್ತದಲ್ಲ, ಆ ಸರದಿಯ ಫಲಕ ಯಾರ ಬಾಗಿಲಿಗೆ ನೇತಾಡುತ್ತಿದ್ದರೂ ಮೂಲೆಗೆ ಬೆರಳಾಡಿಸಿ ನೋಡುವ ಹಕ್ಕನ್ನು ಅವರು ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಹಿಂದಿನ ವಾರವಷ್ಟೇ ಶ್ವೆಂಕರ ಸರದಿಯಲ್ಲಿ ಅವರ ಬೆರಳಿಗೆ ಧೂಳು ಹತ್ತಿ, ನಾಲ್ಕು ಮಾತು ಆಡಿದ್ದರು. ಈಗ ಒಂದೂಕಾಲಿಗೆ, ಕಣ್ಣು ಹತ್ತುತ್ತಿರುವಾಗ, ತಲೆಯ ಮೇಲೆ ಡಬ್, ಡಬ್, ಡಬ್.

"ಸೇಡು ತೀರಿಸ್ಕೋತಿದಾನೆ," ಎಂದು ಫ್ರೌ ಐಸಲೆ ಹಾಸಿಗೆಯ ಮೇಲೆ ಎದ್ದು ಕೂತರು. ಪೊರಕೆಯ ಹಿಡಿಯಿಂದ ಸೂರಿಗೆ ಮೂರು ಸಲ ಕುಟ್ಟಿದರು.

ಮೇಲೆ ಡೂರ್ ಮತ್ತು ಮೋಲ್ ಬೆಚ್ಚಿಬಿದ್ದವು. ಭೂಮಿಯೊಳಗೆ ತಮ್ಮ ಜಾತಿಯವನೇ ಯಾವನೋ ದೈತ್ಯ ಎಚ್ಚರಿಕೆ ಕೊಡುತ್ತಿದ್ದಾನೆ, ಹಾಗಾದರೆ ಹದ್ದು ಬಂದದ್ದು ಖಂಡಿತ. ನಾಲ್ಕೂ ಹಿಂಗಾಲಲ್ಲಿ ಮರಳಿ ಕುಟ್ಟಿದವು.

ಫ್ರೌ ಐಸಲೆ ಗರಬಡಿದವರ ಹಾಗೆ ಸೂರನ್ನೇ ನೋಡಿದರು. ಎಚ್ಚರಿಸಿದರೆ ಎದುರುತ್ತರ ಕೊಡುತ್ತಿದ್ದಾನೆ. ಅರವತ್ತು ದಾಟಿದ ಮನುಷ್ಯ. ಮತ್ತೆ ಕುಟ್ಟಿದರು. ಮತ್ತೆ ಉತ್ತರ ಬಂತು. ಪೊರಕೆಯ ಹಿಡಿ ಬಿರುಕು ಬಿಡುವವರೆಗೂ ಆ ಸಂವಾದ ನಡೆಯಿತು.

ನೇರವಾಗಿ ಮೇಲೆ ಹೋಗಿ ಕೇಳಿಬಿಡಬಾರದಿತ್ತೇ ಎನ್ನುವವರಿಗೆ ಈ ಊರು ಗೊತ್ತಿಲ್ಲ. ಇಲ್ಲಿ ಮೆಟ್ಟಿಲ ಧೂಳನ್ನು ಎದುರಿಗೆ ಆಡಬಹುದು, ಸದ್ದಿನ ವಿಷಯವನ್ನು ಆಡುವಂತಿಲ್ಲ. ಸದ್ದನ್ನು ಬರೆದಿಡಬೇಕು. ಫ್ರೌ ಐಸಲೆ ಅಂದೇ ಅಂಗಡಿಗೆ ಹೋಗಿ ಗೆರೆಯ ಪುಸ್ತಕವೊಂದನ್ನು ಕೊಂಡು ತಂದು ಗದ್ದಲದ ದಿನಚರಿ ಶುರುಮಾಡಿದರು. "ಮಂಗಳವಾರ, 13:16. ಕಾಲು ಕುಟ್ಟುವಿಕೆ, ಒಂಬತ್ತು ಸಲ. ಎಚ್ಚರಿಕೆ ಕೊಡಲಾಯಿತು. 13:17. ಉದ್ಧಟ ಪ್ರತ್ಯುತ್ತರ, ಹದಿನಾಲ್ಕು ಸಲ."

ಮೇಲಿನ ಮನೆಯಲ್ಲಿ ಶ್ವೆಂಕರ ಕಥೆಯೇ ಬೇರೆ. ಕೆಳಗಿನಿಂದ ಟಕ್, ಟಕ್, ಟಕ್ ಎಂದಾಗ ಅವರ ಕಣ್ಣಲ್ಲಿ ನೀರು ಬಂತು.

"ಕೇಳಿಸ್ತಾ? ಫ್ರೌ ಐಸಲೆ ಕೂಡ ಸೇರ್ಕೊಂಡ್ರು."

"ಬಯ್ತಿದಾರೆ ಎರ್ವಿನ್."

"ಬಯ್ಯೋರು ಇಷ್ಟು ಸಮವಾಗಿ ಕುಟ್ಟೋದಿಲ್ಲ. ಮೇಳದಲ್ಲಿದ್ದ ಡೋಲಿನವನಿಗೇ ಈ ಲಯ ಇರಲಿಲ್ಲ. ಪಾಪ, ಒಂಟಿ ಹೆಂಗಸು, ಇಷ್ಟು ವರ್ಷ ಒಳಗೇ ಇಟ್ಕೊಂಡಿದ್ರು."

ಹದಿನೈದು ದಿನ ಹೀಗೇ ಸಾಗಿತು. ಮೇಲೆ ಪುರ್ರ್, ನಡುವೆ ಡಬ್, ಕೆಳಗೆ ಟಕ್. ಶ್ವೆಂಕರು ಇಷ್ಟು ಸುಖವಾಗಿ ಜನ್ಮದಲ್ಲಿ ಇದ್ದವರಲ್ಲ. ಇಪ್ಪತ್ತೊಂಬತ್ತು ವರ್ಷ ಕಂಬದ ಮರೆಯಲ್ಲಿ ಸಿಗದ ರಸಿಕರು ಮನೆಗೇ ಬಂದಿದ್ದರು. ಉಪಕಾರ ಮರೆಯಬಾರದೆಂದು ಹದಿನಾರನೇ ದಿನ ಟ್ರೌಡಲ್ ಮಾಡಿಟ್ಟಿದ್ದ ಕ್ವಿನ್ಸ್ ಹಣ್ಣಿನ ಜೆಲ್ಲಿಯ ಶೀಸೆಯೊಂದನ್ನು ಫ್ರೌ ಐಸಲೆಯ ಬಾಗಿಲಿಗೆ ಇಟ್ಟು, ಜೊತೆಗೊಂದು ಚೀಟಿ ಬರೆದರು. "ಮಾನ್ಯ ಫ್ರೌ ಐಸಲೆ, ತಮ್ಮ ಪಕ್ಕವಾದ್ಯಕ್ಕೆ ಮನಸಾರೆ ವಂದನೆ. ನಾಳೆಯಿಂದ ಸ್ವಲ್ಪ ನಿಧಾನಗತಿಯಲ್ಲಿ ಕುಟ್ಟಿದರೆ ಇನ್ನೂ ಸೊಗಸು. ನಾವು ಮೂವರೂ ಕಾಯುತ್ತಿರುತ್ತೇವೆ. ಇತಿ, ಇ. ಶ್ವೆಂಕ್."

ಫ್ರೌ ಐಸಲೆ ಚೀಟಿಯನ್ನು ನಿಂತು ಒಂದು ಸಲ ಓದಿದರು, ಕೂತು ಒಂದು ಸಲ ಓದಿದರು. ಮೂರನೇ ಸಲ ಓದುವ ಮೊದಲು ರಕ್ತದೊತ್ತಡದ ಮಾತ್ರೆ ನುಂಗಿದರು. ನಿಧಾನಗತಿಯಲ್ಲಂತೆ. ಅದೂ ಮೂವರಂತೆ. ಗಂಡ ಒಬ್ಬ, ಹೆಂಡತಿ ಒಬ್ಬಳು. ಮೂರನೆಯವನು ಯಾರು?

ಸಂಜೆ ಮೆಟ್ಟಿಲಲ್ಲಿ ಟ್ರೌಡಲ್ ಸಿಕ್ಕಳು.

"ಫ್ರೌ ಶ್ವೆಂಕ್, ನಿಮ್ಮನೇಲಿ ಎಷ್ಟು ಜನ ಇದೀರಿ?"

"ಇಬ್ರೇ. ಅವರು ಊದೋವಾಗ ನಾನು ಇರೋದಿಲ್ಲ, ಆಗ ಒಬ್ರು."

"ಒಬ್ರೇನಾ? ಸರಿಯಾಗಿ ಯೋಚಿಸಿ ಹೇಳಿ."

"ಅವರ ಕೇಳುಗರು ಇಬ್ಬರು ಇದಾರೆ. ಅವರು ಅಲ್ಲೇ ಮಲಗೋದು," ಎಂದು ಟ್ರೌಡಲ್ ನಕ್ಕು ಮೇಲೆ ಹತ್ತಿದಳು. ನಗುವಿನ ಮಾತನ್ನು ನಗುವಿನ ಮಾತೆಂದು ತಿಳಿಯುವ ಅಭ್ಯಾಸ ಫ್ರೌ ಐಸಲೆಗೆ ಇರಲಿಲ್ಲ. ಹೆಂಡತಿ ಹೊರಗೆ ಹೋದಾಗ ಇಬ್ಬರು ಬರುತ್ತಾರೆ, ಅಲ್ಲೇ ಮಲಗುತ್ತಾರೆ, ಮೂವರೂ ಸೇರಿ ಕಾಲು ಕುಟ್ಟುತ್ತಾರೆ, ಇದೆಲ್ಲ ಹೆಂಡತಿಗೆ ಗೊತ್ತು, ನಗುತ್ತಾಳೆ ಬೇರೆ. ಅವರು ಮೆಟ್ಟಿಲ ಕೈಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಗದ್ದಲದ ದಿನಚರಿಗೆ ಚೀಟಿಯನ್ನು ಪಿನ್ನು ಹೊಡೆದು, ಜೆಲ್ಲಿಯ ಶೀಸೆಯನ್ನು ತೆರೆಯದೆ ಸಾಕ್ಷಿಯಾಗಿ ಇಟ್ಟು, ಇನ್ನಾರು ದಿನದ ಸದ್ದನ್ನೂ ಬರೆದು ಸೇರಿಸಿ, ಅವರು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದ ವಸತಿ ಸಂಘಕ್ಕೆ ದೂರು ಕೊಟ್ಟರು.

ಶ್ವೆಂಕರಿಗೆ ಪತ್ರ ಬಂದದ್ದು ಬೇಳೆ ಸಾರು, ಶ್ಪೆಟ್ಸ್‌ಲೆ ಎಂಬ ದಪ್ಪ ಶಾವಿಗೆ ಉಣ್ಣುತ್ತಿದ್ದಾಗ. ಓದುತ್ತ ಓದುತ್ತ ಅವರ ಚಮಚ ತಟ್ಟೆಗೆ ಮುಟ್ಟದೆ ಗಾಳಿಯಲ್ಲೇ ನಿಂತಿತು.

"ಕಾಲು ಕುಟ್ಟಿದೀನಂತೆ. ಇಪ್ಪತ್ತೆರಡು ದಿನ. ಅನುಮತಿ ಇಲ್ಲದ ಬಾಡಿಗೆದಾರರನ್ನ ಇಟ್ಕೊಂಡಿದೀನಂತೆ. ಗುರುವಾರ ತಪಾಸಣೆ. ನಿಜ ಅಂತಾದ್ರೆ ಮನೆ ಖಾಲಿ ಮಾಡ್ಬೇಕು. ಟ್ರೌಡಲ್, ನಾನು ಮನೇಲಿ ಹಾಕೋದು ಬಟ್ಟೆ ಚಪ್ಪಲಿ."

"ನಾನು ಅವತ್ತೇ ಹೇಳಿದ್ದೆ."

"ಏನು ಹೇಳ್ದೆ?"

"ಬೇಡ ಬಿಡು, ಸಾರು ಆರುತ್ತೆ."

ಗುರುವಾರ ಹನ್ನೆರಡೂ ಐವತ್ತಕ್ಕೆ ವಸತಿ ಸಂಘದ ಬೊಯ್ಟರ್ ಬಂದರು. ತೆಳ್ಳಗೆ ಉದ್ದಕ್ಕಿದ್ದ ಆಸಾಮಿ, ಬಗಲಲ್ಲಿ ಕಡತ, ಕೈಯಲ್ಲಿ ಸದ್ದು ಅಳೆಯುವ ಯಂತ್ರ. ಮೊದಲು ಬಾಡಿಗೆದಾರರಿಗಾಗಿ ಮಂಚದ ಕೆಳಗೆ ನೋಡಿದರು, ಕಪಾಟು ತೆಗೆದು ನೋಡಿದರು, ಸ್ನಾನದ ಕೋಣೆಯ ಪರದೆ ಸರಿಸಿ ನೋಡಿದರು. ಯಾರೂ ಸಿಗದಿದ್ದಾಗ ಸ್ವಲ್ಪ ಬೇಸರದಿಂದಲೇ "ಶೂನ್ಯ" ಎಂದು ಬರೆದುಕೊಂಡರು. ಆಮೇಲೆ ಫ್ರೌ ಐಸಲೆಗೆ ಫೋನು ಹಚ್ಚಿ, ಕೆಳಗೆ ಹಾಸಿಗೆಯ ಮೇಲೆ ಎಂದಿನಂತೆ ಮಲಗಿರಲು ಹೇಳಿ, ಫೋನನ್ನು ಮೇಜಿನ ಮೇಲೆ ಗಟ್ಟಿಯಾಗಿ ಕೇಳುವಂತೆ ಇಟ್ಟರು.

"ಹೆರ್ ಶ್ವೆಂಕ್, ಎರಡೂ ಕಾಲು ಈ ಸ್ಟೂಲಿನ ಮೇಲಿಡಿ. ಫ್ರೌ ಶ್ವೆಂಕ್, ನೀವೂನು. ಈಗ ದಿನಾ ಒಂದೂಕಾಲಿಗೆ ಏನು ಮಾಡ್ತೀರೋ ಅದನ್ನೇ ಮಾಡಿ."

ಶ್ವೆಂಕರು ಮೌತ್‌ಪೀಸ್ ತುಟಿಗಿಟ್ಟರು. ಪುರ್ರ್. ಪುರ್ರ್. ಪುರ್ರ್.

ಡಬ್, ಡಬ್, ಡಬ್.

"ಕೇಳಿದ್ರಾ," ಎಂದಿತು ಫೋನು. "ತುಳೀತಿದಾನೆ, ಕೇಳಿದ್ರಾ?"

ಬೊಯ್ಟರ್ ಶ್ವೆಂಕರ ಕಾಲು ನೋಡಿದರು. ಸ್ಟೂಲಿನ ಮೇಲಿತ್ತು. ಟ್ರೌಡಲ್‌ಳ ಕಾಲು ನೋಡಿದರು. ಅದೂ ಸ್ಟೂಲಿನ ಮೇಲಿತ್ತು. ನೆಲದ ಮೇಲಿದ್ದದ್ದು ತಮ್ಮ ಕಾಲು ಮಾತ್ರ. ಇಪ್ಪತ್ತು ವರ್ಷದ ಸೇವೆಯಲ್ಲಿ ಅವರು ತಮ್ಮ ಬೂಟುಗಳನ್ನು ಅಷ್ಟು ಸಂಶಯದಿಂದ ನೋಡಿದ್ದಿಲ್ಲ.

"ನಾನಲ್ಲ," ಎಂದರು, ಯಾರೂ ಕೇಳದಿದ್ದರೂ.

ಆಗ ಕೆಳಗಿನಿಂದ ಪೊರಕೆ ಟಕ್, ಟಕ್ ಎಂದಿತು. ಮೇಲೆ ರೇಡಿಯೋ ಪೆಟ್ಟಿಗೆ ಡಬ್, ಡಬ್ ಎಂದಿತು. ಬೊಯ್ಟರ್ ನಿಧಾನವಾಗಿ ತಿರುಗಿ, ಬಗ್ಗಿ, ಗಾಜಿಗೆ ಮೂಗು ತಾಗಿಸಿ ನೋಡಿದರು. ಒಳಗೆ ಎರಡು ಪುಟ್ಟ ಪ್ರಾಣಿ ಹಿಂಗಾಲ ಮೇಲೆ ನಿಂತು ಇವರನ್ನೇ ನೋಡುತ್ತಿದ್ದವು.

"ಫ್ರೌ ಐಸಲೆ, ಪೊರಕೆ ಕೆಳಗಿಡಿ."

"ಏನಂದ್ರಿ?"

"ಪೊರಕೆ ಕೆಳಗಿಡಿ ಅಂದೆ. ಇಪ್ಪತ್ತೆರಡು ದಿನದಿಂದ ನೀವು ಮಾತಾಡ್ತಾ ಇದ್ದದ್ದು ಇಲಿಗಳ ಜೊತೆ."

ಫೋನಿನಲ್ಲಿ ಮಾತ್ರೆಯ ಪಟ್ಟಿ ಒಡೆಯುವ ಸದ್ದು ಕೇಳಿತು.

ಶ್ವೆಂಕರು ಕಾಲು ಇಳಿಸಿ ಎದ್ದು ನಿಂತರು. ಮನೆ ಉಳಿಯಿತು, ಮಾನವೂ ಉಳಿಯಿತು. "ಇವರೇ ನನ್ನ ಶ್ರೋತೃಗಳು," ಎಂದು ತೊಟ್ಟಿಯ ಕಡೆ ಕೈ ತೋರಿದರು. "ಲಯಜ್ಞಾನ ನೋಡಿದ್ರಲ್ಲ."

ಬೊಯ್ಟರ್ ಕಡತದಿಂದ ಒಂದು ನಮೂನೆ ತೆಗೆದರು. "ಸದ್ದಿನ ಮೂಲ, ಸಾಕುಪ್ರಾಣಿ. ಹದಿನಾಲ್ಕು ದಿನದಲ್ಲಿ ಇವನ್ನ ಬೇರೆ ಕಡೆ ಕಳಿಸ್ಬೇಕು. ಇಲ್ಲಿ ಸಹಿ ಹಾಕಿ."

ಮನೆ ಹೋಗುತ್ತದೆಂದಾಗ ಕೂಡ ಶ್ವೆಂಕರ ಮುಖ ಹೀಗೆ ಬಿಳಿಚಿಕೊಂಡಿರಲಿಲ್ಲ. ಈ ಎರಡೂ ಹೋದರೆ ಮತ್ತೆ ಕಂಬದ ಮರೆಯೇ, ಈ ಜಗತ್ತಿನಲ್ಲಿ ತನ್ನನ್ನು ಕೇಳುವ ಒಂದು ಜೀವವೂ ಇಲ್ಲ. "ನಾನೇ ಕುಟ್ಟಿದ್ದು," ಎಂದರು ಒಮ್ಮೆಲೇ. "ಬರ್ಕೊಳ್ಳಿ. ಸೇಡಿನಿಂದ ಕುಟ್ಟಿದೆ. ಮೆಟ್ಟಿಲ ಧೂಳಿನ ವಿಷಯಕ್ಕೆ."

"ನಿಮ್ಮ ಕಾಲು ಸ್ಟೂಲಿನ ಮೇಲಿತ್ತು. ನಾನೇ ನೋಡಿದೀನಿ."

ಅಲ್ಲಿಯವರೆಗೆ ಸುಮ್ಮನಿದ್ದ ಟ್ರೌಡಲ್ ಎದ್ದಳು. ಅಡುಗೆಮನೆಯಿಂದ ಕೈಪಿಡಿ ತಂದು, ನಾಲ್ಕನೇ ಪುಟ ತೆರೆದು ಬೊಯ್ಟರ್ ಮುಂದಿಟ್ಟಳು. ಬೊಯ್ಟರ್ ಗಟ್ಟಿಯಾಗಿ ಓದಿದರು. ಜರ್ಬಿಲ್‌ಗಳು ಪ್ರಾಣಭಯವಾದಾಗ ಹಿಂಗಾಲು ಕುಟ್ಟುತ್ತವೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

"ಹಾಗಾದ್ರೆ ಎಲ್ಲಾ ಸಂಗೀತಕ್ಕೂ ಹೆದರ್ತವೋ, ಇವರದಕ್ಕೆ ಮಾತ್ರವೋ, ಅದು ತಿಳೀಬೇಕು," ಎಂದರು ಬೊಯ್ಟರ್. ಸರ್ಕಾರಿ ಗುಣದ ಮನುಷ್ಯ, ಅರ್ಧಕ್ಕೆ ಬಿಡುವವರಲ್ಲ. ಅಡುಗೆಮನೆಯ ರೇಡಿಯೋ ತರಿಸಿ ಮೆಲ್ಲಗೆ ಹಚ್ಚಿದರು. ಯಾರೋ ಟ್ರಾಂಬೋನ್ ಊದುತ್ತಿದ್ದರು. ಡೂರ್ ಸೂರ್ಯಕಾಂತಿ ಬೀಜ ಸುಲಿಯಿತು. ಫೋನಿನಲ್ಲಿ ಫ್ರೌ ಐಸಲೆಗೆ ಏನಾದರೂ ಹಾಡಲು ಹೇಳಿದರು. ಆ ತಬ್ಬಿಬ್ಬಿನಲ್ಲೇ ಅವರು ನಡುಗುವ ದನಿಯಲ್ಲಿ ಒಂದು ಲಾಲಿ ಹಾಡಿದರು. ಮೋಲ್ ಮುಖ ತೊಳೆದುಕೊಂಡು ಆಕಳಿಸಿತು. ಬೊಯ್ಟರ್ ತಾವೇ ಗಂಟಲು ಸರಿಮಾಡಿಕೊಂಡು ಎರಡು ಸಾಲು ಗುನುಗಿದರು. ಎರಡೂ ಹತ್ತಿರ ಬಂದು ಗಾಜು ಮೂಸಿದವು. ಬೊಯ್ಟರ್ ಸ್ವಲ್ಪ ಕೆಂಪಾದರು.

"ಈಗ ನೀವು, ಹೆರ್ ಶ್ವೆಂಕ್."

ಪುರ್ರ್.

ಡಬ್, ಡಬ್, ಡಬ್, ಡಬ್.

ಶ್ವೆಂಕರು ಬಗ್ಗಿ ತೊಟ್ಟಿಯೊಳಗೆ ನೋಡಿದರು, ಅವು ಮನೆಗೆ ಬಂದ ಮೇಲೆ ಮೊದಲ ಸಲ ಸರಿಯಾಗಿ ನೋಡಿದರು. ಮೋಲ್‌ನ ಪಕ್ಕೆ ಹೊಡೆದುಕೊಳ್ಳುತ್ತಿದ್ದ ವೇಗ ಯಾವ ತಾಳಕ್ಕೂ ಸೇರಿದ್ದಲ್ಲ.

"ಇಷ್ಟು ದಿನ," ಎಂದರು. "ದಿನಾ ಹೆದರಿಸ್ತಿದ್ನಾ ನಾನು?"

ಬೊಯ್ಟರ್ ಹಳೆಯ ನಮೂನೆಯನ್ನು ಮಡಚಿಟ್ಟು ಹೊಸದನ್ನು ತೆಗೆದರು. "ನೋಡಿ, ಎರಡು ದಾರಿ ಇದೆ. ಮೊದಲನೇದು, ಪ್ರಾಣಿಗಳನ್ನ ಕಳಿಸೋದು. ಎರಡನೇದು, ಅವನ್ನ ಹೆದರಿಸೋ ವಾದ್ಯವನ್ನ ಈ ಮನೆಯೊಳಗೆ ಪೂರ್ತಿ ನಿಲ್ಲಿಸೋದು."

"ಮೌತ್‌ಪೀಸ್ ಮಾತ್ರ ತಾನೇ?"

"ನಮ್ಮ ನಮೂನೇಲಿ 'ವಾದ್ಯ' ಅಂತ ಒಂದೇ ಅಂಕಣ ಇರೋದು. ಬಿಡಿಭಾಗಕ್ಕೆ ಬೇರೆ ಅಂಕಣ ಇಲ್ಲ."

ಶ್ವೆಂಕರು ಕೈಯಲ್ಲಿದ್ದ ಮೌತ್‌ಪೀಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಟ್ರೌಡಲ್ ತನ್ನ ಏಪ್ರನ್ನಿನ ತುದಿಯನ್ನು ಹಿಂಡುತ್ತ ನಿಂತಿದ್ದಳು. ಗಂಡ ಯಾವುದನ್ನು ಆರಿಸುತ್ತಾನೆಂದು ಆಕೆಗೆ ಖಾತ್ರಿಯಿತ್ತು. ಪಾಪದ ಎರಡು ಜೀವಕ್ಕೆ ಹೊಸ ಮನೆ ಎಲ್ಲಿ ಹುಡುಕುವುದೆಂದು ಆಗಲೇ ತಂಗಿಯ ಮನೆ, ಪಾದ್ರಿಯವರ ಮನೆ ಎಂದು ಮನಸ್ಸಿನಲ್ಲೇ ಸುತ್ತತೊಡಗಿದ್ದಳು.

ಶ್ವೆಂಕರು ಎರಡನೇ ದಾರಿಗೆ ಗುರುತು ಹಾಕಿ ಸಹಿ ಮಾಡಿದರು.

ಟ್ರೌಡಲ್ ಕಾಗದವನ್ನು ಕಿತ್ತುಕೊಂಡು ಓದಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದಳು. ಸ್ಟೂಲಿನ ಮೇಲೆ ಕೂತಳು.

"ಮೂವತ್ತೊಂದು ವರ್ಷ," ಎಂದಳು. "ತಲೆನೋವು ಅಂದೆ, ನಿಲ್ಲಿಸ್ಲಿಲ್ಲ. ನಿನ್ ಕಾಲು ಹಿಡಿತೀನಿ ಅಂದೆ, ನಿಲ್ಲಿಸ್ಲಿಲ್ಲ. ಮಳೇಲಿ ನೆನೆದುಕೊಂಡು ಬೇಡದ ಉಪ್ಪು ತಂದೆ. ಎರಡು ಇಲಿ ಹೇಳಿದ್ದಕ್ಕೆ ಒಂದೇ ಮಧ್ಯಾಹ್ನಕ್ಕೆ ನಿಲ್ಲಿಸ್ಬಿಟ್ಯಲ್ಲೋ ಎರ್ವಿನ್."

ಶ್ವೆಂಕರು ದಂಗಾಗಿ ಹೆಂಡತಿಯನ್ನು ನೋಡಿದರು. ಈ ಸುದ್ದಿ ಅವರಿಗೆ ನಿಜವಾಗಿಯೂ ಹೊಸದಾಗಿತ್ತು.

"ನಿನಗೂ ಹಾಗಾಗ್ತಿತ್ತಾ?" ಎಂದರು. "ನೀನು ಒಂದು ದಿನಾನೂ ಕಾಲು ಕುಟ್ಟಲಿಲ್ವಲ್ಲ, ಟ್ರೌಡಲ್."

ಟ್ರೌಡಲ್ ಸ್ಟೂಲಿನಿಂದ ಎದ್ದು, ಒಂದೂ ಐವತ್ತಕ್ಕೆ, ವಿಶ್ರಾಂತಿಯ ಹೊತ್ತು ನಟ್ಟನಡುವೆ ಇರುವಾಗ, ವಸತಿ ಸಂಘದ ಅಧಿಕಾರಿಯ ಕಣ್ಣೆದುರೇ, ಬಲಗಾಲನ್ನು ಮಂಡಿಯವರೆಗೆ ಎತ್ತಿ ಮರದ ನೆಲದ ಮೇಲೆ ಕುಟ್ಟಿದಳು. ಇನ್ನೊಮ್ಮೆ ಕುಟ್ಟಿದಳು. ಬೊಯ್ಟರ್ ಬಾಯಿ ತೆರೆದು, ಗಡಿಯಾರ ನೋಡಿ, ಕಡತಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಆಕೆ ಎಡಗಾಲಿಗೆ ಬಂದಿದ್ದಳು.